ಹಕಾರದ ಟ್ಯೂಷನ್

ಕೊಳ್ಳೇಗಾಲಕ್ಕೆ ಆಗ ಇಂಗ್ಲಿಷ್ ಪೇಪರು ಬರುತ್ತಿದ್ದದ್ದು ಹತ್ತು ಗಂಟೆಯ ಬಸ್ಸಿಗೆ. ಭಾನುವಾರದ ಪೇಪರಿನ ಕ್ಲಾಸಿಫೈಡ್ಸ್ ಪುಟವನ್ನು ಇಡೀ ಊರಿನಲ್ಲಿ ಓದುತ್ತಿದ್ದವಳು ಬಹುಶಃ ನಾನೊಬ್ಬಳೇ. ನನಗೇನೂ ಕೆಲಸ ಬೇಕಿರಲಿಲ್ಲ, ವಯಸ್ಸು ಅರವತ್ತರ ಹತ್ತಿರ ಬಂದಿತ್ತು. ಆದರೂ ‘ವಾಂಟೆಡ್ ಸ್ಟಾಫ್ ನರ್ಸಸ್’ ಎನ್ನುವ ಸಾಲು ಕಂಡರೆ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಓದು ಮುಗಿಸಿದಾಗ ನಾನೂ ನರ್ಸಿಂಗ್ ಸೇರುತ್ತೇನೆ ಎಂದಿದ್ದೆ. “ಕಂಡವರ ಬೆಡ್‌ಪ್ಯಾನ್ ಎತ್ತೋದಕ್ಕೆ ಇಷ್ಟು ಇಂಗ್ಲಿಷ್ ಯಾಕೆ?” ಎಂದು ಅಪ್ಪ ಕೇಳಿದರು. ಕೊಳ್ಳೇಗಾಲದ ಸೀರೆ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದೆ. ಇಲ್ಲಿ ರೇಷ್ಮೆ ಸೀರೆ ಮಡಿಸುವುದಕ್ಕೂ ಇಂಗ್ಲಿಷ್ ಬೇಕಾಗಲಿಲ್ಲ.

ಎಂಬತ್ತರ ದಶಕದಲ್ಲಿ ಆ ಸಾಲು ಅಪರೂಪಕ್ಕೊಮ್ಮೆ ಕಾಣುತ್ತಿತ್ತು. ತೊಂಬತ್ತರ ಕೊನೆಗೆ ಬೆಂಗಳೂರಿನ ಆಸ್ಪತ್ರೆಗಳು ಕಾಲಂ ತುಂಬ ನರ್ಸುಗಳನ್ನು ಕರೆಯುತ್ತಿದ್ದವು. ಎಕ್ಸ್‌ಪೀರಿಯನ್ಸ್ ಆದವರು ಗಲ್ಫಿಗೆ ಹೋಗುತ್ತಿದ್ದರು, ಆ ಜಾಗಕ್ಕೆ ಫ್ರೆಶರ್ಸ್ ಬೇಕಾಗುತ್ತಿತ್ತು. ನಮ್ಮ ಹನೂರು ಬಸ್ಸಿನ ಲೆಕ್ಕವೇ. ಮುಂದಿನವರು ಇಳಿಯದೆ ಹಿಂದಿನವರಿಗೆ ಸೀಟಿಲ್ಲ. ಎಲ್ಲ ಜಾಹೀರಾತಿನ ಕೊನೆಗೂ ಒಂದು ಮಾತಿರುತ್ತಿತ್ತು: ಫ್ಲೂಯೆಂಟ್ ಇಂಗ್ಲಿಷ್ ಎಸೆನ್ಷಿಯಲ್. ಅಪ್ಪನಿಗೆ ತೋರಿಸೋಣವೆಂದರೆ ಅವರು ತೀರಿಕೊಂಡು ಬಹಳ ವರ್ಷವಾಗಿತ್ತು.

ಜಗುಲಿಯ ಮೇಲೆ ನಾನು ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದೆ. ಅಲ್ಲಿಗೆ ಒಂದು ಭಾನುವಾರ ಹೂಗ್ಯಂ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಮೈಸೂರಿನಲ್ಲಿ ಮೂರು ವರ್ಷದ ನರ್ಸಿಂಗ್ ಮುಗಿಸಿ, ಹನೂರಿನ ಒಂದು ಕ್ಲಿನಿಕ್ಕಿನಲ್ಲಿದ್ದಳು. ಅಲ್ಲಿ ಇಂಜೆಕ್ಷನ್ ಕೊಡುವವಳೂ ಅವಳೇ, ಕಸ ಗುಡಿಸಿ ಷಟರ್ ಎಳೆಯುವವಳೂ ಅವಳೇ. ಬೆಂಗಳೂರಿನಲ್ಲಿ ಎರಡು ಇಂಟರ್‌ವ್ಯೂಗೆ ಹೋಗಿ, ಎರಡರಲ್ಲೂ ‘ವಿಲ್ ಲೆಟ್ ಯು ನೋ’ ಅನ್ನಿಸಿಕೊಂಡು ವಾಪಸಾಗಿದ್ದಳು. “ಇನ್ನೊಂದ್ಸಲ ಲೀವ್ ಕೇಳಿದರೆ ಅದು ಪರ್ಮನೆಂಟ್ ಲೀವ್” ಎಂದು ಕ್ಲಿನಿಕ್ಕಿನ ಡಾಕ್ಟರು ಹೇಳಿದ್ದರಂತೆ. ಅಂದರೆ ಮೂರನೆಯದರಲ್ಲಿ ಸಿಗದಿದ್ದರೆ ಬೆಂಗಳೂರೂ ಇಲ್ಲ, ಹನೂರೂ ಇಲ್ಲ.

ಪೇಪರಿನಲ್ಲಿ ಗುರುತು ಹಾಕಿಟ್ಟಿದ್ದ ಒಂದು ಜಾಹೀರಾತನ್ನು ಓದಿ ಹೇಳಿದೆ. ಕನಕಪುರ ರಸ್ತೆಯ ಒಂದು ಆಸ್ಪತ್ರೆ, ಒಂದೂವರೆ ತಿಂಗಳ ಮೇಲೆ ವಾಕ್-ಇನ್ ಇಂಟರ್‌ವ್ಯೂ.

ಹುಡುಗಿಯ ಅಪ್ಪ ಯೋಚನೆಗೆ ಬಿದ್ದರು. “ವಾಕಿನ್ ಅಂದ್ರೆ ನಡ್ಕಂಡೇ ಓಗ್ಬೇಕಾ ಮೇಡಮ್ಮೋರೆ?”

“ಇಲ್ಲಪ್ಪ, ಬಸ್ಸಲ್ಲೇ ಹೋಗಬಹುದು.”

“ಮಾದಪ್ಪನ್ ಬೆಟ್ಟುಕ್ಕಾದ್ರೆ ವರ್ಸ ವರ್ಸ ನಡೀತೀವಿ ಬುಡಿ. ಬೆಂಗ್ಳೂರ್ಗೂ ಅರಕೆ ಮಡಗವ್ರೇನೋ ಅಂದ್ಕಂಡೆ.”

“ಅಪ್ಪಾ, ಸುಮ್ಕಿರಿ” ಎಂದಳು ಹುಡುಗಿ.

ಮೊದಲ ಇಂಟರ್‌ವ್ಯೂನಲ್ಲಿ ಏನಾಯಿತೆಂದು ಕೇಳಿದೆ. ಯಾವ ವಾರ್ಡ್ ಇಷ್ಟ ಎಂದು ಕೇಳಿದರಂತೆ. ಇವಳು “ಆರ್ಟ್” ಎಂದಳಂತೆ. “ಡ್ರಾಯಿಂಗ್ ಕೂಡ ಬರುತ್ತಾ?” ಎಂದು ಅವರು ನಕ್ಕರಂತೆ. ಯಾಕೆ ನಕ್ಕರೆಂದು ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ.

ನನಗೆ ಗೊತ್ತಾಯಿತು. ನಮ್ಮ ಸೀಮೆಯಲ್ಲಿ ಹಕಾರಕ್ಕೆ ಬೆಲೆಯಿಲ್ಲ. ಹಾಲು ಆಲು, ಹೋಗು ಓಗು, ಹನೂರೇ ಅನೂರು. ಕನ್ನಡದಲ್ಲಿ ಯಾರಿಗೂ ಇದರಿಂದ ತೊಂದರೆಯಾಗಿಲ್ಲ. ಆದರೆ ಹಾರ್ಟ್ ಹೋಗಿ ಆರ್ಟ್ ಆದರೆ ಯಾವ ಆಸ್ಪತ್ರೆಗೂ ಪ್ರಯೋಜನವಿಲ್ಲ. ನಾನು ಕಾನ್ವೆಂಟಿನವಳು, ಹಕಾರದ ವಿಷಯದಲ್ಲಿ ಸ್ಟ್ರಿಕ್ಟ್. ಇದನ್ನು ರಿಪೇರಿ ಮಾಡುತ್ತೇನೆ ಎಂದೆ. ಯಾರೂ ಕೇಳಿರಲಿಲ್ಲ.

ಭಾನುವಾರ ಭಾನುವಾರ ಅವಳು ಹನೂರಿನಿಂದ ಬಂದಳು. ನನ್ನ ಕನ್ನಡಕ ತೆಗೆದು ಅವಳ ಬಾಯಿಯ ಮುಂದೆ ಹಿಡಿಯುತ್ತಿದ್ದೆ. “ಹಾರ್ಟ್ ಅನ್ನು. ಗಾಜು ಮಬ್ಬಾಗಬೇಕು.”

“ಆರ್ಟ್.”

ಗಾಜು ಸ್ವಚ್ಛವಾಗಿಯೇ ಇರುತ್ತಿತ್ತು.

“ಚೈಲ್ಡ್, ಉಸಿರು ಬಿಡು. ಅದಕ್ಕೇನು ರೇಷನ್ನಾ?”

ನಾಲ್ಕನೇ ಭಾನುವಾರ ಗಾಜು ಮಬ್ಬಾಯಿತು. ಐದನೆಯದಕ್ಕೆ ಹೆಡ್, ಹ್ಯಾಂಡ್, ಹಾರ್ಟ್, ಹಾಸ್ಪಿಟಲ್ ಎಲ್ಲ ಬಂದವು. ಭಾನುವಾರಕ್ಕೆ ಇಪ್ಪತ್ತು ಸಲ ಒರೆಸಿ ನನ್ನ ಕನ್ನಡಕ ಹಿಂದೆಂದೂ ಅಷ್ಟು ಕ್ಲೀನಾಗಿರಲಿಲ್ಲ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಆರನೇ ಭಾನುವಾರವೂ ಹೇಳಿಕೊಟ್ಟೆ.

ಅವಳ ಅಪ್ಪನಿಗೆ ರಾಗಿ ಕುಯ್ಲು. ಹೀಗಾಗಿ ಬೆಂಗಳೂರಿಗೆ ಜೊತೆಯಲ್ಲಿ ನಾನೇ ಹೊರಟೆ. ನನಗೂ ಒಂದು ಸಲ ಇಂಥ ಕಡೆಗೆ ಹೋಗಿ ನೋಡಬೇಕಿತ್ತು, ಕಾಯುವ ಬೆಂಚಿನ ಮೇಲಾದರೂ. ಮಳವಳ್ಳಿ ದಾಟಿದ ಮೇಲೆ ಅವಳು ಪಾಠ ಒಪ್ಪಿಸತೊಡಗಿದಳು. “ಹಿಂಜೆಕ್ಷನ್. ಹೈ ಡ್ರಾಪ್ಸ್. ಹಾಕ್ಸಿಜನ್.”

“ಚೈಲ್ಡ್, ಅಲ್ಲೆಲ್ಲ ಎಚ್ ಇಲ್ಲ.”

“ಎಲ್ಲಿ ಮೇಡಂ?”

“ಕಣ್ಣಿಗೆ ಐ. ಹೈ ಅಲ್ಲ.”

“ಸರಿ ಮೇಡಂ. ಇನ್ನೆಲ್ಲೆಲ್ಲಿ ಇಲ್ಲ?”

ಹೇಳುತ್ತಾ ಹೋದೆ. ಕನಕಪುರ ಬಂತು, ಪಟ್ಟಿ ಮುಗಿಯಲಿಲ್ಲ. ಅಷ್ಟು ಹೊತ್ತಿಗೆ ಅವಳಿಗೆ ಇದ್ದ ಎಚ್‌ಗಳ ಮೇಲೂ ಅನುಮಾನ ಬಂದಿತ್ತು.

ಇಂಟರ್‌ವ್ಯೂ ಕೋಣೆಗೆ ಪ್ಲೈವುಡ್ಡಿನ ಬಾಗಿಲು. ನಾನು ಹೊರಗೆ ಕೂತಿದ್ದೆ, ಒಳಗಿನದೆಲ್ಲ ಕೇಳಿಸುತ್ತಿತ್ತು. ಪ್ರಶ್ನೆ ಕೇಳುತ್ತಿದ್ದವರು ಮೇಟ್ರನ್, ಕೇರಳದವರು.

“ಇಂಜೆಕ್ಷನ್ ಎಲ್ಲಿ ಕೊಡುತ್ತೀ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಹಿನ್ ದಿ ಹಾರ್ಮ್, ಮೇಡಂ.”

ಆರ್ಮ್ ಎಂದರೆ ತೋಳು, ಹಾರ್ಮ್ ಎಂದರೆ ಕೇಡು.

“ವೇರ್?”

“ಹಪ್ಪರ್ ಹಾರ್ಮ್, ಮೇಡಂ,” ಎಂದಳು, ಇನ್ನೂ ಸ್ಪಷ್ಟವಾಗಿ. ಆರು ಭಾನುವಾರದ ಶ್ರಮ ಅದು. ನಾನು ಎದುರು ಗೋಡೆಯ ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಸೂಚನೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ.

ಆಮೇಲೆ ಪ್ರಾಕ್ಟಿಕಲ್. ಜನರಲ್ ವಾರ್ಡಿನಲ್ಲಿ ಒಬ್ಬೊಬ್ಬರೂ ಒಬ್ಬ ಪೇಷೆಂಟಿನ ಹತ್ತಿರ ಕೂತು, ಮಾತಾಡಿಸಿ, ವಿವರ ಬರೆದುಕೊಳ್ಳಬೇಕು. ಇವಳಿಗೆ ಸಿಕ್ಕಿದ್ದು ಯಳಂದೂರು ಕಡೆಯ ಒಬ್ಬ ಅಜ್ಜಿ, ಆಪರೇಷನ್ ಆಗಿ ಮೂರು ದಿನ. ನಾನು ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ಅಜ್ಜಿಯ ಪಕ್ಕದ ಟೇಬಲ್ಲಿನ ಮೇಲೆ ಮೂರು ಲೋಟ ಹಾಲು ಕೆನೆಗಟ್ಟಿ ಕೂತಿತ್ತು. ಕೇಸ್ ಶೀಟಿನಲ್ಲಿ ಹೀಗೆ ಬರೆದಿತ್ತೆಂದು ಅವಳು ಆಮೇಲೆ ಹೇಳಿದಳು: ಡಿಮ್ಯಾಂಡ್ಸ್ ಮಿಲ್ಕ್. ರಿಫ್ಯೂಸಸ್ ಮಿಲ್ಕ್.

ಆ ಕಡೆಯ ಜನ ಹಾಲಿಗೆ ಆಲು ಅನ್ನುತ್ತಾರೆಂದು ವಾರ್ಡಿನ ಸಿಸ್ಟರುಗಳು ಕಲಿತುಕೊಂಡಿದ್ದರು. ಪಾಪ, ಅಷ್ಟು ಕಲಿತದ್ದೇ ಹೆಚ್ಚು.

“ಅಲ್ಲು ಕೊಡಿ ಅಂದ್ರೆ ಆಲು ತಂದ್ ತಂದ್ ಮಡಗ್ತರಲ್ಲ ಇವ್ರು!” ಅಜ್ಜಿ ಬೊಚ್ಚುಬಾಯಲ್ಲಿ ಒದರುತ್ತಿತ್ತು.

ನನ್ನ ಶಿಷ್ಯೆ ಪೆನ್ನು ಕೆಳಗಿಟ್ಟಳು. “ಯಾವ್ ಅಲ್ಲವ್ವ? ಕಟ್ಟುಸ್ಕಂಡಿದ್ ಅಲ್ಲಾ?”

“ಊಂ ಕಣವ್ವ! ಆಪ್ರೇಸನ್ಗೆ ಓಗುವಾಗ ಬುಚ್ಚಿಸ್ಕಂಡ್ರು. ಮುದ್ದೆ ಆಗಿದ್ರೆ ಅಂಗೇ ನುಂಗ್ತಿದ್ದೆ. ಇವ್ರು ಚಪಾತಿ ಕೊಡ್ತರ!”

“ಅಳ್ಬೇಡಿ ಬುಡಿ. ನಿಮ್ ಅಲ್ಲು ಎಲ್ಲಿಗೂ ಓಗಿರಲ್ಲ. ಉಡುಕ್ಸನ.”

ಆ ಮಾತುಗಳಲ್ಲಿ ಒಂದು ಹಕಾರವೂ ಇರಲಿಲ್ಲ. ನಾನು ಎಣಿಸಿದೆ.

ಅವಳು ಎದ್ದು ಮೇಟ್ರನ್ ಹತ್ತಿರ ಬಂದಳು. “ಮೇಡಂ, ನಾಟ್ ಮಿಲ್ಕ್. ಶಿ ಈಸ್ ಹಾಸ್ಕಿಂಗ್ ಟೀತ್.”

ಹಲ್ಲು ಸೆಟ್ಟು ಆಪರೇಷನ್ ಥಿಯೇಟರಿನ ಬೀರುವಿನಲ್ಲಿ ಒಂದು ಸ್ಟೀಲ್ ಬಟ್ಟಲೊಳಗಿತ್ತು. ಬಟ್ಟಲಿಗೆ ‘ಅನ್‌ನೋನ್’ ಎಂದು ಚೀಟಿ ಅಂಟಿಸಿದ್ದರು. ಅಜ್ಜಿ ಅದನ್ನು ಹಾಕಿಕೊಂಡು ಮೊದಲು ಮಾಡಿದ ಕೆಲಸ ಸಿಸ್ಟರುಗಳಿಗೆ ಸ್ಪಷ್ಟವಾಗಿ ಬೈದದ್ದು.

ಮೇಟ್ರನ್ ನಗಲಿಲ್ಲ. ಕನಕಪುರ ರಸ್ತೆಯಲ್ಲಿ ಕೊಳ್ಳೇಗಾಲದ ಕಡೆಯ ಬಸ್ಸೆಲ್ಲ ಅವರ ಗೇಟಿನ ಮುಂದೆಯೇ ನಿಲ್ಲುತ್ತದೆ, ಪೇಷೆಂಟುಗಳಲ್ಲಿ ಅರ್ಧಕ್ಕರ್ಧ ಅಲ್ಲಿಂದಲೇ ಬರುತ್ತಾರೆ, ಅವರು ಹೇಳುವುದು ಯಾರಿಗೂ ತಿಳಿಯುವುದಿಲ್ಲ ಎಂದರು. ಸೋಮವಾರ ಜಾಯಿನ್ ಆಗು ಎಂದರು. ಅವಳು ತಲೆಯಾಡಿಸಿದಳು. ಮೇಟ್ರನ್ ಕನ್ನಡಕದ ಮೇಲಿಂದ ನೋಡಿ, “ಬಟ್ ಯುವರ್ ಇಂಗ್ಲಿಷ್! ಹೂ ಟಾಟ್ ಯು?” ಎಂದು ಕೇಳಿದರು.

ನಾನು ಎರಡು ಮಾರು ದೂರದಲ್ಲಿದ್ದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಹೋನ್, ಮೇಡಂ,” ಎಂದಳು. ಓನ್, ಸ್ವಂತ ಎಂದು ಅರ್ಥ.

ವಾಪಸು ಬರುವಾಗ ಮಳವಳ್ಳಿಯಲ್ಲಿ ಅವಳು ನನಗೆ ಕಾಫಿ ಕೊಡಿಸಿದಳು. ಅವಳ ಅಪ್ಪ ಮಾತ್ರ ಆಮೇಲೆ ಒಂದು ಚೀಲ ಅವರೆಕಾಯಿ ತಂದು ಜಗುಲಿಗೆ ಸುರಿದು, “ನೀವ್ ಏಳ್ಕೊಟ್ಟಿದ್ದು ಸಾರ್ಥಕ ಆಯ್ತು ಮೇಡಮ್ಮೋರೆ” ಎಂದರು. ಅವರೆಕಾಯಿ ಚೆನ್ನಾಗಿತ್ತು. ನಾನು ತಿದ್ದಲು ಹೋಗಲಿಲ್ಲ.

ಸುದ್ದಿ ಹಬ್ಬಿ ಮುಳ್ಳೂರು, ಹನೂರು, ಯಳಂದೂರಿನಿಂದ ನರ್ಸಿಂಗ್ ಓದಿದ ಹುಡುಗಿಯರು ಟ್ಯೂಷನ್ನಿಗೆ ಬಂದರು. ಅಪ್ಲಿಕೇಷನ್ ಬರೆದುಕೊಟ್ಟೆ, ಗ್ರಾಮರ್ ತಿದ್ದಿದೆ. ಕನ್ನಡಕ ಮಾತ್ರ ಮೂಗಿನ ಮೇಲೆಯೇ ಇರಲಿ ಎಂದು ಬಿಟ್ಟೆ.

ಕೆಲವು ವರ್ಷ ಕಳೆದ ಮೇಲೆ ನನಗೇ ಎಡಗಣ್ಣಿಗೆ ಪೊರೆ ಬಂತು. ಅದೇ ಆಸ್ಪತ್ರೆಗೆ ಹೋದೆ. ಹೂಗ್ಯಂ ಹುಡುಗಿ ಆ ಹೊತ್ತಿಗೆ ವಾರ್ಡಿನ ಸಿಸ್ಟರ್ ಇನ್‌ಚಾರ್ಜ್. ಗಲ್ಫಿಗೆ ಕರೆ ಬಂದಿದೆ, ಹೋಗುವುದೋ ಬಿಡುವುದೋ ಎಂದು ಯೋಚಿಸುತ್ತಿದ್ದೇನೆ ಎಂದಳು. ಅವಳು ಇಳಿದರೆ ಯಾರಿಗೋ ಸೀಟು ಸಿಗುತ್ತದೆ ಎಂದುಕೊಂಡೆ. ಡ್ರಾಪ್ಸ್ ಬಾಟಲಿ ಹಿಡಿದು ನನ್ನ ಮೇಲೆ ಬಗ್ಗಿದಳು.

“ಮೇಡಂ, ಲೆಫ್ಟ್ ಹೈ ಅಗಲಕ್ಕೆ ಬಿಡಿ.”

ಬಿಟ್ಟೆ. ಎರಡು ಹನಿ ಬಿತ್ತು, ಉರಿಯಿತು.

ನನ್ನ ಕನ್ನಡಕ ಅವಳ ಕೈಯಲ್ಲಿತ್ತು. ಅದನ್ನು ಬಾಯಿಯ ಹತ್ತಿರ ಹಿಡಿದು, ಒಂದೊಂದು ಗಾಜಿಗೂ “ಹ” ಎಂದು ಉಸಿರು ಬಿಟ್ಟು, ಒರೆಸಿ, ಡಬ್ಬಿಯಲ್ಲಿಟ್ಟಳು. ಡಬ್ಬಿಯ ಮೇಲೆ ನನ್ನ ಹೆಸರು ಬರೆದು ಚೀಟಿ ಅಂಟಿಸಿದಳು.