ಅಣ್ಣನ ತೊಟ್ಟಿ ಒಂದು ಬೊಟ್ಟು ಮೇಲೆ

ಬನವಾಸಿ ಪೇಟೆಗೆ ಬಂದು ಮಡಿವಾಳಪ್ಪ ಎಲ್ಲಿ ಎಂದು ಕೇಳಿದರೆ ಯಾವ ಮಡಿವಾಳಪ್ಪ ಎಂದು ತಿರುಗಿ ಕೇಳುತ್ತಿದ್ದರು. ಗಾಜಿನ ಮಡಿವಾಳಪ್ಪ ಎಂದರೆ ಮಾತ್ರ ಅಂಗಡಿಯ ಬಾಗಿಲತನಕ ಬಂದು ಬಿಟ್ಟು ಹೋಗುತ್ತಿದ್ದರು. ಕಂದೀಲು, ಬತ್ತಿ, ಗೋಡೆದೀಪದ ಉದ್ದನೆಯ ಗಾಜು, ಕಿಟಕಿಯ ಗಾಜು, ದೇವರ ಪಟಕ್ಕೆ ಕಟ್ಟು, ಇವು ಅವನ ವ್ಯಾಪಾರ. ಒಡೆಯುವ ಸಾಮಾನು ಮಾರಿ ಹೊಟ್ಟೆ ಹೊರೆಯುವ ಈ ಮನುಷ್ಯನಿಗೆ ಒಂದು ಗೀಳಿತ್ತು. ಬೇರೆ ಬೇರೆ ಇದ್ದದ್ದನ್ನು ಕಂಡರೆ ಜೋಡಿಸಬೇಕು. ಮುರಿದ ಎರಡು ಛತ್ರಿ ಸೇರಿಸಿ ಒಂದು ಮಾಡಿದ್ದ. ಅದನ್ನು ಮುಚ್ಚಲು ಬರುತ್ತಿರಲಿಲ್ಲವಾದ್ದರಿಂದ ವರ್ಷವಿಡೀ ಬಿಚ್ಚಿಕೊಂಡೇ ಮೂಲೆಯಲ್ಲಿ ಕೂತಿರುತ್ತಿತ್ತು. ಹೆಂಡತಿ ಗುರುಶಾಂತವ್ವ ಅದರ ಕೆಳಗೆ ಹಪ್ಪಳದ ಡಬ್ಬಿ ಇಡುತ್ತಿದ್ದಳು.

ಕನ್ನಡ ಸೀಮೆಯೆಲ್ಲ ಒಂದಾಗಿ, ಜಿಲ್ಲೆ ಮುಂಬಯಿಯ ಕೈಬಿಟ್ಟು ಮೈಸೂರಿಗೆ ಸೇರಿದ ವರ್ಷ ಊರಿನಲ್ಲಿ ಸಂತೋಷಪಡಲು ಒಂದು ಕಮಿಟಿ ಆಯಿತು. ಕಮಿಟಿಯಿಲ್ಲದೆ ಸಂತೋಷಪಡುವ ರೂಢಿ ನಮ್ಮಲ್ಲಿ ಆಗಲೇ ತಪ್ಪಿತ್ತು. ಗ್ಯಾಸಬತ್ತಿ ಬಾಡಿಗೆಯಿಲ್ಲದೆ ಕೊಡುತ್ತೇನೆಂದದ್ದಕ್ಕೆ ಮಡಿವಾಳಪ್ಪನನ್ನು ಮೆಂಬರ್ ಮಾಡಿಕೊಂಡರು. ಸಭೆಯ ದಿನ ಶಿರಸಿಯಿಂದ ತರಿಸಿದ ಕುರ್ಚಿಗಳಲ್ಲಿ ಮೆಂಬರುಗಳಿಗೆಲ್ಲ ಮುಂದಿನ ಸಾಲು. ಭತ್ತದ ವ್ಯಾಪಾರಿಯಾದ ಅವನ ಅಣ್ಣ ಬಸಪ್ಪನಿಗೆ ಹಿಂದಿನ ಸಾಲು, ಅದೂ ಕಂಬದ ಮರೆ. ಭಾಷಣಕಾರರು "ನಾವೆಲ್ಲ ಅಣ್ಣತಮ್ಮಂದಿರು" ಎನ್ನುವ ಹೊತ್ತಿಗೆ ಸರಿಯಾಗಿ ಬಸಪ್ಪ ಎದ್ದ, ಶಲ್ಯ ಕೊಡವಿದ, ಹೆಗಲಿಗೆ ಹಾಕಿದ, ಮನೆಗೆ ನಡೆದ. ನಾಡು ಒಂದಾದ ದಿನವೇ ಮನೆ ಎರಡಾಯಿತು.

ಕುರ್ಚಿ ಹಾಕಿದ್ದು ಮಡಿವಾಳಪ್ಪನಲ್ಲ. ಆದರೂ ಮರುದಿನ ಹೋಗಿ ಕಾಲು ಹಿಡಿಯಲು ಬಗ್ಗಿದ. ಬಸಪ್ಪ ಎರಡೂ ಕಾಲನ್ನು ಮಂಚದ ಮೇಲಕ್ಕೆ ಎಳೆದುಕೊಂಡು ಹೆಂಡತಿಗೆ ಹೇಳಿದ: "ಮುಂದಿನ ಸಾಲಿನ್ಯಾಗ ಕುಂದ್ರಾಂವಗ ಅಣ್ಣ ಯಾಕ ಬೇಕಂತ ಕೇಳು." ಅಲ್ಲಿಗೆ ಮಾತು ನಿಂತಿತು. ಯುಗಾದಿಗೆ ಹಿಸ್ಸೆಯಾಯಿತು. ಪಡಸಾಲೆಯ ನಟ್ಟನಡುವೆ ಮಣ್ಣಿನ ಗೋಡೆ ಎದ್ದಿತು. ಒಂದೇ ಕಂದೀಲು ಎರಡೂ ಕಡೆ ಬೆಳಕು ಕೊಡಲಿ ಎಂದು ಹಿಸ್ಸೆಯ ಹಿರಿಯರು ಗೋಡೆಯಲ್ಲಿ ಆರಪಾರ ಒಂದು ಗೂಡು ಬಿಡಿಸಿದರು. ಅವರು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಅಪ್ಪ ತೀರಿಕೊಂಡಾಗ ಮಡಿವಾಳಪ್ಪನಿಗೆ ಇನ್ನೂ ಚಡ್ಡಿ ಹಾಕುವ ವಯಸ್ಸು. ಬೆಳೆಸಿದವನು, ಹೊಡೆದವನು, ಅಂಗಡಿ ಹಾಕಿಕೊಟ್ಟವನು ಎಲ್ಲ ಅಣ್ಣನೇ. ಹಿಸ್ಸೆಯಲ್ಲಿ ತಮ್ಮನಿಗೆ ಏನೂ ಕಡಿಮೆಯಾಗಿರಲಿಲ್ಲ. ಆದರೆ ದಿನಾ ಬೆಳಿಗ್ಗೆ "ಮಡಿವಾಳಾ" ಎಂದು ಗದರುತ್ತಿದ್ದ ದನಿ ಈಗ ಗೋಡೆಯಾಚೆ ಎತ್ತುಗಳನ್ನು ಮಾತ್ರ ಗದರುತ್ತಿತ್ತು. ಎತ್ತುಗಳ ಮೇಲೆ ಅವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಣ್ಣ ಒಮ್ಮೆ ತನ್ನ ಹೆಸರು ಹಿಡಿದು ಕರೆಯಬೇಕು, ಬೈಯಲಿಕ್ಕಾದರೂ ಸರಿ. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಮಾಲು ತರಲು ಹುಬ್ಬಳ್ಳಿಗೆ ಹೋದವನು ಅಲ್ಲಿನ ಸಾಹುಕಾರನೊಬ್ಬನ ಗಾದಿಯ ಪಕ್ಕ ಗಾಜಿನ ತೊಟ್ಟಿಯಲ್ಲಿ ಮೀನು ಈಜುವುದನ್ನು ಕಂಡ. ಅಲ್ಲೇ ತಲೆ ಕೆಟ್ಟಿತು. ಊರಿಗೆ ಬಂದು ತಗಡಿನ ಚೌಕಟ್ಟಿಗೆ ಕಿಟಕಿಯ ಗಾಜು ಕೂರಿಸಿ, ಸಂದಿಗೆ ಡಾಂಬರು ಮೆತ್ತಿ ತಾನೇ ಒಂದು ತೊಟ್ಟಿ ಮಾಡಿದ. ವರದಾ ಹೊಳೆಯಲ್ಲಿ ಮೀನು ಹಿಡಿಯುವ ಕೆರಿಯನನ್ನು ಕರೆದು ಸಣ್ಣ ಮೀನು ಬೇಕೆಂದ.

ಕೆರಿಯ ಒಮ್ಮೆ ಇವನ ಕೊರಳಿನ ಲಿಂಗದ ಕಡೆ ನೋಡಿದ, ಒಮ್ಮೆ ಬೀದಿಯ ಕಡೆ ನೋಡಿದ. ದನಿ ತಗ್ಗಿಸಿ ಕೇಳಿದ: "ಧಣ್ಯಾರ, ಹಿತ್ತಲ ಬಾಗಲಕ್ಕ ತಂದು ಕೊಡ್ಲೇನ್ರಿ?"

"ಮುಂದಿನ ಬಾಗಲಕ್ಕ ತಾರೋ. ಜೀವಂತ ಇರಬೇಕು."

"ಜೀವಂತನಾ?" ಕೆರಿಯನಿಗೆ ಗಾಬರಿಯಾಯಿತು. "ನಾವೂ ಸುಟ್ಟ ತಿಂತೀವ್ರಿ."

ಮಡಿವಾಳಪ್ಪನ ಮನೆಗೆ ಮೀನು ಹೋಯಿತೆಂಬ ಸುದ್ದಿ ದಾಸನಕೊಪ್ಪದ ತನಕ ಹೋಗಿ ಬಂದಿತು. ಬರುವಾಗ ಮಸಾಲೆಯ ವಾಸನೆಯನ್ನೂ ಕಟ್ಟಿಕೊಂಡು ಬಂದಿತು. ಕೊನೆಗೆ ವಿಚಾರಿಸಲು ಮಠದ ಚನ್ನಯ್ಯನವರೇ ಬಂದರು. ತೊಟ್ಟಿಯ ಮುಂದೆ ಕೂತು ಬಹಳ ಹೊತ್ತು ನೋಡಿದರು.

"ಇವು ಏನ್ ತಿಂತಾವು?"

"ಅಕ್ಕಿ ನುಚ್ಚು, ಜ್ವಾಳದ ಹಿಟ್ಟು, ಐನೋರ."

"ಹಂಗಾರ ನಮ್ಮಾವ ಆದ್ವು," ಎಂದು ಚನ್ನಯ್ಯನವರು ವಿಭೂತಿ ತೆಗೆದು ಗಾಜಿನ ಮೇಲೆ ಮೂರು ಬೆರಳು ಎಳೆದರು. ಊರಿನ ಬಾಯಿಗೆ ಬೀಗ ಬಿತ್ತು. ಅಂದಿನಿಂದ ಜನ ಮೀನು ನೋಡಲು ಬರುತ್ತಿರಲಿಲ್ಲ, ದರ್ಶನಕ್ಕೆ ಬರುತ್ತಿದ್ದರು. ಕೆಲವರು ಕೈಯಲ್ಲಿ ಮಂಡಕ್ಕಿ ಹಿಡಿದೇ ಬರುತ್ತಿದ್ದರು.

ಗೋಡೆಯಾಚೆ ಬಸಪ್ಪನಿಗೆ ಊಟ ರುಚಿಸದಾಯಿತು. ಗಂಡಸರು ಮಾತು ಬಿಟ್ಟಿದ್ದರೂ ವಾರಗಿತ್ತಿಯರು ಬಿಟ್ಟಿರಲಿಲ್ಲ. ಬಾವಿಕಟ್ಟೆಯ ಮೇಲೆ ಎರಡು ಮನೆಯ ಸುದ್ದಿಯೂ ಒಂದೇ ಕೊಡದಲ್ಲಿ ತುಂಬುತ್ತಿತ್ತು. ಬಸಪ್ಪನ ಹೆಂಡತಿ ಅನ್ನಪೂರ್ಣವ್ವ ಹೇಳಿದಳು: "ಗ್ವಾಡಿಗೆ ಕಿವಿ ಹಚ್ಚಿ ಕುಂದರ್ತಾರ ನೋಡವ್ವಾ. ಮೀನ ಏನರ ಮಾತಾಡ್ತಾವೇನೋ ಅನ್ನೂ ಹಂಗ."

ಇದನ್ನು ಕೇಳಿ ಮಡಿವಾಳಪ್ಪ ಅದೇ ಅಳತೆಯ ಇನ್ನೊಂದು ತೊಟ್ಟಿ ಮಾಡಿ, ಮೀನು ಬಿಟ್ಟು, ಹೆಂಗಸರ ಕೈಯಲ್ಲಿ ಆಚೆ ಕಳಿಸಿದ. ಬಸಪ್ಪ ಅದನ್ನು ಹಿಂದಕ್ಕೆ ಕಳಿಸಲಿಲ್ಲ. ಮಡಿವಾಳಪ್ಪನಿಗೆ ಅಷ್ಟೇ ಸಾಕಾಯಿತು. ಎರಡು ತೊಟ್ಟಿಗಳು, ನಡುವೆ ಗೋಡೆ, ಗೋಡೆಯಲ್ಲಿ ಗೂಡು. ಜೋಡಿಸದೆ ಬಿಡುವುದು ಹೇಗೆ? ಅಣ್ಣನ ಮೀನು ಈಚೆ ಬರಲಿ, ತನ್ನ ಮೀನು ಆಚೆ ಹೋಗಲಿ. ಹೋಗಿ ಬರುವುದು ಮೀನಿನಿಂದ ಶುರುವಾದರೆ ಮನುಷ್ಯರು ಎಷ್ಟು ದಿನ ಸುಮ್ಮನೆ ಕೂತಾರು?

ಗೋಡೆದೀಪದ ಉದ್ದನೆಯ ಗಾಜುಗಳನ್ನು ಒಂದಕ್ಕೊಂದು ಕೂಡಿಸಿ, ತಿರುವಿಗೆ ತಗಡಿನ ಮೊಣಕೈ ಹಾಕಿ, ಮೇಣ ಸುರಿದು ಕೊಳವೆ ಮಾಡಿದ. ಅದು ಈಚೆ ತೊಟ್ಟಿಯಿಂದ ಎದ್ದು, ಗೂಡಿನಲ್ಲಿ ಹಾದು, ಆಚೆ ತೊಟ್ಟಿಗೆ ಇಳಿಯಬೇಕು. ಎರಡೂ ಬಾಯಿ ನೀರಿನಲ್ಲಿ ಮುಳುಗಿರುವಾಗ ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದರೆ ನೀರು ಏರಿ ಕೊಳವೆ ತುಂಬಿ ನಿಲ್ಲುತ್ತದೆ, ಮೀನು ಅದರೊಳಗೇ ಗೋಡೆ ದಾಟುತ್ತದೆ. ಇದಕ್ಕೆ ‘ಏಕೀಕರಣ’ ಎಂದು ಹೆಸರನ್ನೂ ಇಟ್ಟ. ಬಾವಿಕಟ್ಟೆಯ ಮೂಲಕ ಅಣ್ಣನ ಒಪ್ಪಿಗೆ ಕೇಳಿಸಿದ. ಒಪ್ಪಿಗೆ ಬಂತು, ಜೊತೆಗೆ ಒಂದು ಷರತ್ತೂ ಬಂತು.

"ಅಣ್ಣನ ತೊಟ್ಟಿ ತಮ್ಮನ ತೊಟ್ಟಿಗಿಂತ ಒಂದ್ ಬೊಟ್ಟರ ಮ್ಯಾಲಿರಬೇಕಂತ," ಎಂದಳು ಗುರುಶಾಂತವ್ವ. "ಹಿರೇತನಕ್ಕ ಅದು ಬೇಕಂತ."

"ನೀರಿಗೆ ಹಿರೇತನ ಗೊತ್ತಿಲ್ಲಲೇ. ಎರಡೂ ಕಡೆ ಸಮ ನಿಲ್ಲತೈತಿ ಅದು."

"ಅದನ್ನ ಅವರಿಗೆ ಹೇಳ್ರಿ."

"ಮಾತಾಡಿಸಿದ್ರ ಹೇಳ್ತಿದ್ನಲ್ಲ," ಎಂದು ಮಡಿವಾಳಪ್ಪ ಷರತ್ತಿಗೆ ಒಪ್ಪಿಬಿಟ್ಟ. ಕುರ್ಚಿಯ ವಿಷಯದಲ್ಲಿ ಸುಟ್ಟುಕೊಂಡವನು ತೊಟ್ಟಿಯ ವಿಷಯದಲ್ಲಿ ಮತ್ತೆ ಸುಟ್ಟುಕೊಳ್ಳಲು ತಯಾರಿರಲಿಲ್ಲ.

ಮೊದಲ ಮೀನು ಗೂಡಿನಲ್ಲಿ ಹಾದು ಹೋದಾಗ ಈಚೆ ಮಡಿವಾಳಪ್ಪ ಉಸಿರು ಬಿಗಿಹಿಡಿದು ನಿಂತಿದ್ದ. ಆಚೆಯಿಂದ "ಹಾಂ" ಎಂಬ ದನಿ ಬಂತು. ಅಣ್ಣನದೇ. ಅದು ತನಗೆ ಹೇಳಿದ್ದಲ್ಲ, ಮೀನಿಗೆ ಹೇಳಿದ್ದು ಎಂದು ಗೊತ್ತಿದ್ದರೂ ಅವನಿಗೆ ಆ ದಿನ ಅಂಗಡಿ ತೆರೆಯಲು ಮನಸ್ಸಾಗಲಿಲ್ಲ.

ತಂಟೆ ಶುರುವಾದದ್ದು ಮಾರನೆಯ ದಿನ. ನೀರು ತನ್ನ ಪಾಡಿಗೆ ಎರಡೂ ಕಡೆ ಸಮನಾಗಿ ನಿಂತಿತ್ತು. ಹಾಗಾಗಿ ಮೇಲಿದ್ದ ಅಣ್ಣನ ತೊಟ್ಟಿ ಒಂದು ಬೊಟ್ಟು, ಒಂದು ಬೆರಳಿನಷ್ಟು, ಖಾಲಿ ಕಂಡಿತು. ತಮ್ಮ ನೀರು ಎಳೆದುಕೊಳ್ಳುತ್ತಿದ್ದಾನೆಂದು ಬಸಪ್ಪ ತೀರ್ಮಾನಿಸಿ ಒಂದು ಕೊಡ ಸುರಿದ. ಈಚೆ ಮಡಿವಾಳಪ್ಪನ ತೊಟ್ಟಿ ತುಂಬಿ ಪಡಸಾಲೆಗೆ ಹರಿಯಿತು. ಬಸಪ್ಪ ನೋಡಿದರೆ ತನ್ನದು ಮತ್ತೆ ಒಂದು ಬೊಟ್ಟು ಕಡಿಮೆ. ಇನ್ನೂ ಎತ್ತರ ಸಾಲದೇನೋ ಎಂದು ತೊಟ್ಟಿಯ ಕೆಳಗೆ ಒಂದು ಇಟ್ಟಿಗೆ ಸಾಲು ಕೊಟ್ಟ. ಖಾಲಿ ಇನ್ನೂ ಹೆಚ್ಚಾಯಿತು. ಹಿರೇತನ ಏರಿದಷ್ಟೂ ನೀರು ಇಳಿಯುತ್ತಿತ್ತು, ನೀರು ಇಳಿದಷ್ಟೂ ಬಸಪ್ಪ ಕೊಡ ಎತ್ತುತ್ತಿದ್ದ. ಗುರುಶಾಂತವ್ವ ಗೋಣಿಚೀಲ ಹಾಸಿ ಹಾಸಿ ಸೋತಳು.

"ದೊಡ್ಡವರ ನೀರು ಹೊಸ್ತಿಲ ದಾಟೇತ್ರಿ," ಎಂದಳು. "ನಿಮ್ಮ ಏಕೀಕರಣ ಸಾಕು ಮಾಡ್ರಿ."

ಅಷ್ಟರಲ್ಲಿ ನವೆಂಬರ್ ಒಂದು ಬಂತು. ಕಮಿಟಿಯವರು ಭಾಷಣ ಮುಗಿಸಿ, ಏಕೀಕರಣದ ತೊಟ್ಟಿ ನೋಡಲೆಂದು ಚನ್ನಯ್ಯನವರನ್ನು ಮುಂದಿಟ್ಟುಕೊಂಡು ಬಂದರು. ಅರ್ಧ ಜನ ಈಚೆ, ಅರ್ಧ ಜನ ಆಚೆ ನಿಂತರು. ಇಷ್ಟು ಜನರ ಮುಂದೆ ತನ್ನ ತೊಟ್ಟಿ ಕಡಿಮೆ ಕಾಣುವುದನ್ನು ಬಸಪ್ಪ ಹೇಗೆ ಸಹಿಸಿಯಾನು? ಭತ್ತದ ಮೂಟೆ ಹೊರುವ ಇಬ್ಬರು ಹಮಾಲರನ್ನು ಕರೆಸಿ, ತೊಟ್ಟಿ ಎತ್ತಿಸಿ, ಕೆಳಗೆ ಊಟದ ಮಣೆಗಳನ್ನು ಒಂದರ ಮೇಲೊಂದು ತುರುಕಿಸಿದ.

ಕೊಳವೆ ಗುಳುಗುಳು ಎಂದಿತು. ಅಣ್ಣನ ತೊಟ್ಟಿಯ ನೀರು ಎಲ್ಲರ ಕಣ್ಣೆದುರು ಇಳಿಯತೊಡಗಿತು. ಈಚೆ ಕಮಿಟಿಯ ಅಧ್ಯಕ್ಷರು ಧೋತರ ಮೊಣಕಾಲಿಗೆ ಎತ್ತಿಕೊಂಡರು. ನೀರು ಕಡಿಮೆಯಾದದ್ದೇ ಬಸಪ್ಪನ ಮೀನುಗಳು ಕೊಳವೆಯ ಬಾಯಿ ಹುಡುಕಿಕೊಂಡವು. ಒಂದರ ಹಿಂದೆ ಒಂದು ಗೂಡಿನಲ್ಲಿ ಹಾದು ತಮ್ಮನ ಕಡೆ ನಡೆದವು. ಜನರ ಕತ್ತು ಅವುಗಳ ಜೊತೆಗೇ ತಿರುಗಿತು. ಯಾರೋ ಕಿಸಕ್ಕನೆ ನಕ್ಕರು. ಕೊನೆಯದನ್ನಾದರೂ ಉಳಿಸಿಕೊಳ್ಳೋಣವೆಂದು ಬಸಪ್ಪ ಕೊಳವೆಗೆ ಕೈ ಹಾಕಿ ಎಳೆದ. ಗಾಜು ಚೂರಾಯಿತು. ಆ ಮೀನೂ ಅಷ್ಟರಲ್ಲಿ ದಾಟಿತ್ತು.

ಚನ್ನಯ್ಯನವರು "ಶಿವಾ" ಎಂದು ಎದ್ದರು. ಜನ ಒದ್ದೆ ಕಾಲಲ್ಲಿ ಚಪ್ಪಲಿ ಹುಡುಕಿಕೊಂಡು ಜಾಗ ಖಾಲಿ ಮಾಡಿದರು. ಮಡಿವಾಳಪ್ಪ ನೀರಿನಲ್ಲಿ ಕುಕ್ಕರಗಾಲಲ್ಲಿ ಕೂತು ಗಾಜಿನ ಚೂರು ಆಯುತ್ತಿದ್ದ. ಇನ್ನು ಅಣ್ಣ ಈ ಜನ್ಮದಲ್ಲಿ ಮಾತಾಡುವುದಿಲ್ಲ ಎಂದು ಅವನಿಗೆ ಅಳು ಬಂದಿತ್ತು. ಆಗ ಬಾಗಿಲಲ್ಲಿ ನೆರಳು ಬಿತ್ತು. ಗೋಡೆ ಎದ್ದ ಮೇಲೆ ಈಚೆ ಕಾಲಿಡದಿದ್ದ ಬಸಪ್ಪ ಹೊಸ್ತಿಲು ದಾಟಿ ಒಳಗೆ ಬಂದು ನಿಂತಿದ್ದ. ಮುಖ ಕೆಂಪಾಗಿತ್ತು.

"ಮಡಿವಾಳಾ," ಎಂದ. "ನನ್ನ ಮೀನು ಕೊಡು."

ಮಡಿವಾಳಪ್ಪನ ಕೈಯಿಂದ ಚೂರುಗಳು ಮತ್ತೆ ನೀರಿಗೆ ಬಿದ್ದವು. ಎದ್ದು ನಿಂತ. ತೊಟ್ಟಿಯ ಕಡೆ ನೋಡಿದ. ಎಲ್ಲವೂ ಒಂದೇ ಹೊಳೆಯ, ಒಂದೇ ಬಣ್ಣದ ಮೀನುಗಳು.

"ಯಾವು ನಿನ್ನಾವು ಅಣ್ಣಾ? ತೋರಿಸು."

ಬಸಪ್ಪ ಬಗ್ಗಿ ನೋಡಿದ. ಒಂದಕ್ಕೆ ಬೆರಳು ಮಾಡಿದ, ಅದು ತಿರುಗಿತು. ಇನ್ನೊಂದಕ್ಕೆ ಮಾಡಿದ, ಅದು ಗುಂಪಿನಲ್ಲಿ ಸೇರಿತು. "ಈಗ ಗೊತ್ತಾಗವಲ್ದು. ನಾಳೆ ಬರ್ತೇನಿ. ಗುರ್ತು ಹಿಡಿದು ಒಯ್ಯಾಂವನ," ಎಂದು ಹೋದ.

ನಾಳೆ ಬಂದ. ನಾಡಿದ್ದೂ ಬಂದ. ಬಂದವನು ತೊಟ್ಟಿಯ ಮುಂದೆ ಕೂತು ಮೊದಲು ಮೀನಿನ ಬಗ್ಗೆ, ಆಮೇಲೆ ಕುರ್ಚಿಯ ಬಗ್ಗೆ, ಆಮೇಲೆ ಭತ್ತದ ಧಾರಣೆಯ ಬಗ್ಗೆ ಬೈಯುತ್ತಿದ್ದ. ಬೈದು ಬಾಯಾರಿ ಗುರುಶಾಂತವ್ವ ಕೊಟ್ಟ ಚಹಾ ಕುಡಿಯುತ್ತಿದ್ದ. ಹೋಗುವಾಗ ಮರೆಯದೆ "ನನ್ನ ಮೀನು ನನಗ ಬರಬೇಕು" ಎನ್ನುತ್ತಿದ್ದ. ಮಡಿವಾಳಪ್ಪ ತಲೆ ತಗ್ಗಿಸಿ "ಹೂಂ ಅಣ್ಣಾ" ಎನ್ನುತ್ತಿದ್ದ. ವರ್ಷಗಳು ಹೀಗೇ ಹೋದವು. ಮೀನು ಸತ್ತರೆ ಅಣ್ಣ ಬರುವುದರೊಳಗೆ ಅದೇ ಅಳತೆಯದನ್ನು ಕೆರಿಯನಿಂದ ತರಿಸಿ ತೊಟ್ಟಿಗೆ ಬಿಡುತ್ತಿದ್ದ.

ಒಂದು ದಿನ ಬಸಪ್ಪ ಬೈದು, ಚಹಾ ಕುಡಿದು ಹೋದ ಮೇಲೆ ಗುರುಶಾಂತವ್ವ ಲೋಟ ಎತ್ತುತ್ತ ಕೇಳಿದಳು: "ದಿನಾ ಈ ಮಾತು ಯಾಕ ಕೇಳ್ತೀರಿ? ಅರ್ಧ ಹಿಡದು ಕೊಟ್ಟ ಬಿಡ್ರಿ. ಜಗಳ ಹರೀತೈತಿ."

ಮಡಿವಾಳಪ್ಪ ತೊಟ್ಟಿಗೆ ನುಚ್ಚು ಹಾಕುತ್ತಿದ್ದ.

"ಕೊಟ್ರ," ಎಂದ, "ನಾಳೆ ಯಾಕ ಬರ್ತಾನ?"