ತಲೆಗೆ ತಕ್ಕ ದರ

ನನ್ನ ಸೋದರಮಾವ ಮಾತಿನಲ್ಲಿ ಶೂರ, ದರ ಹೇಳುವುದರಲ್ಲಿ ಮಾತ್ರ ಮೂಗ. ತಪ್ಪು ಅವನದಲ್ಲ. ಮದುವೆಗೆ ಮುಂಚಿನಿಂದಲೂ ಅವನು ಸರಕಾರಿ ಕ್ಷೌರದಂಗಡಿಯ ನೌಕರ. ಕುರ್ಚಿ ಸರಕಾರದ್ದು, ದರ ಸರಕಾರದ್ದು, ಗೋಡೆಗೆ ಹಚ್ಚಿದ ಎರಡು ತಲೆಗಳ ಚಿತ್ರವೂ ಸರಕಾರದ್ದು. ಒಂದರ ಕೂದಲು ಗಿಡ್ಡ, ಇನ್ನೊಂದರದು ಇನ್ನೂ ಗಿಡ್ಡ. ಗಿರಾಕಿ ಬಂದರೂ ಸಂಬಳ, ಬಾರದಿದ್ದರೂ ಸಂಬಳ. ಒಂದು ತಲೆ ಮುಗಿಸುವಷ್ಟರಲ್ಲಿ ಮಾವ ಬೆಂಚಿನ ಮೇಲೆ ಕೂತವರೆಲ್ಲರ ಮನೆಯ ಸುದ್ದಿ ವಿಚಾರಿಸಿ ಮುಗಿಸಿರುತ್ತಿದ್ದ. ಹಿಂದಿನಿಂದ ನೋಡಿದರೆ ಊರಿನ ಗಂಡಸರೆಲ್ಲ ಒಂದೇ ತಾಯಿಯ ಮಕ್ಕಳು. ಆದರೆ ಒಂದು ಮಾತು ಹೇಳಲೇಬೇಕು: ಆ ಬೆಂಚಿನ ಮೇಲೆ ಗಾರೆ ಕೆಲಸದವನೂ ಬ್ಯಾಂಕಿನ ಮ್ಯಾನೇಜರನೂ ಪಕ್ಕಪಕ್ಕದಲ್ಲೇ ಕಾಯುತ್ತಿದ್ದರು.

ಒಂದು ದಿನ ಸರಕಾರಕ್ಕೆ ಜ್ಞಾನೋದಯವಾಯಿತು, ಜನರ ಕೂದಲು ಕತ್ತರಿಸುವುದು ತನ್ನ ಕೆಲಸವಲ್ಲ ಎಂದು. ಅಂಗಡಿಯನ್ನು ಮಾವನೇ ನಡೆಸಿ ನೋಡಲಿ, ದರವೂ ಅವನಿಷ್ಟ. ಮಳೆಗಾಲ ಮುಗಿದ ಮೇಲೆ ಕಚೇರಿಯ ಸಾಹೇಬರು ಬಂದು ನೋಡಿ ಒಪ್ಪಿದರೆ ಅಂಗಡಿ ಅವನದು. ಒಪ್ಪದಿದ್ದರೆ ಎದುರಿಗೆ ಹೊಸದಾಗಿ ತೆರೆದ ಸಲೂನಿನವನ ಪಾಲು. ಅಲ್ಲಿ ತಿರುಗುವ ಕುರ್ಚಿ, ಗೋಡೆತುಂಬ ಕನ್ನಡಿ. ಮಾವನ ಹತ್ತಿರ ಇದ್ದದ್ದು ಒಂದು ಕತ್ತರಿ, ಒಂದು ಬಾಯಿ.

"ದರ ಎಷ್ಟಿಡೋಣ ಕಣೇ?" ಎಂದು ಅತ್ತೆಯನ್ನು ಕೇಳಿದ.

"ಕೆಲಸಕ್ಕೆ ತಕ್ಕ ಹಾಗೆ ಇಡ್ರೀ. ಅಷ್ಟೂ ಗೊತ್ತಾಗಲ್ವಾ?" ಎಂದಳು ಅತ್ತೆ, ಒಲೆಯಿಂದ ಕಣ್ಣು ತೆಗೆಯದೆ.

ಮಾವ ಆ ಮಾತನ್ನು ವೇದವಾಕ್ಯ ಮಾಡಿಕೊಂಡ. ಗಿರಾಕಿ ಕೂತೊಡನೆ ಕೂದಲಲ್ಲಿ ಬೆರಳಾಡಿಸಿ, ಕೆಲಸ ಎಷ್ಟಿದೆ ಎಂದು ಅಂದಾಜು ಮಾಡಿ ದರ ಹೇಳತೊಡಗಿದ. ದಟ್ಟ ಕೂದಲಿಗೆ ಪೂರ್ತಿ, ತೆಳು ಕೂದಲಿಗೆ ಮುಕ್ಕಾಲು, ನೆತ್ತಿ ಬರಿದಾದವರಿಗೆ ಅರ್ಧ. ತಮ್ಮ ತಲೆಗೆಷ್ಟು ಬೆಲೆ ಎಂದು ತಿಳಿಯಲು ಊರಿಗೆ ಊರೇ ನುಗ್ಗಿತು. ಪೂರ್ತಿ ದರ ಕೊಟ್ಟವರು ಬೀದಿಯಲ್ಲಿ ಎದೆಯುಬ್ಬಿಸಿ ನಡೆದರು. ಮುಕ್ಕಾಲು ಅನ್ನಿಸಿಕೊಂಡ ನಮ್ಮಪ್ಪ ಕುರ್ಚಿಯಿಂದ ಏಳಲೇ ಇಲ್ಲ. "ಸರಿಯಾಗಿ ನೋಡೋ ಭಾವ, ಹಿಂದೆ ಎಷ್ಟು ದಟ್ಟ ಇದೆ!" ಎಂದು ಚೌಕಾಸಿ ಮಾಡಿ ದರ ಏರಿಸಿಕೊಂಡೇ ಎದ್ದ.

"ಮುಕ್ತ ಮಾರುಕಟ್ಟೆ ಅಂದ್ರೆ ಇಷ್ಟೇನಾ? ಇದಕ್ಕೆ ಸುಮ್ನೆ ಹೆದರಿದ್ನಲ್ಲ!" ಎಂದು ಮಾವ ಬೀಗಿದ. ಬೋಳುತಲೆಯವರು ಒಬ್ಬೊಬ್ಬರಾಗಿ ಎದುರು ಸಲೂನಿಗೆ ಜಾರುತ್ತಿದ್ದುದು ಅವನ ಕಣ್ಣಿಗೆ ಬೀಳಲೇ ಇಲ್ಲ. ದರ ಇಳಿಸಿದರೆ ಗಿರಾಕಿ ಓಡಿಹೋಗುತ್ತಾನೆಂದು ಯಾರು ತಾನೇ ಊಹಿಸುತ್ತಾರೆ?

ಮಳೆ ನಿಂತಿತು, ಸಾಹೇಬರು ಬಂದರು. ನಾನೂ ಅತ್ತೆಯೂ ಮಾವನಿಗೆ ಊಟ ತಂದಿದ್ದೆವು. ಸಾಹೇಬರು ಅಂಗಡಿಯನ್ನೆಲ್ಲ ನೋಡಿ, ತಲೆದೂಗಿ, ಕುರ್ಚಿಯಲ್ಲಿ ಕೂತು ಟೋಪಿ ತೆಗೆದರು. ಒಳಗೆ ಬಟಾಬಯಲು. ಕಿವಿಗಳ ಮೇಲೆ ಮಾತ್ರ ನಾಲ್ಕು ಎಳೆ.

ಮಾವನ ಪ್ರಾಮಾಣಿಕತೆಗೆ ಬೆಂಕಿ ಬೀಳ. "ಸಾಹೇಬ್ರೆ, ನಿಮ್ಗೆ ಕಾಲು ದರ ಸಾಕು" ಎಂದುಬಿಟ್ಟ.

ಬೆಂಚಿನ ಮೇಲಿದ್ದವರು ನಗು ನುಂಗಿಕೊಂಡರು. ಅತ್ತೆ ಕಣ್ಣು ಮುಚ್ಚಿಕೊಂಡಳು. ಸಾಹೇಬರ ಮುಖ ಬೋಳು ನೆತ್ತಿಯವರೆಗೂ ಕೆಂಪಾಯಿತು.

"ಅಂಗಡೀನ ಸರ್ಕಾರ ನಡೆಸ್ತಿದ್ದಾಗ ಈ ಕುರ್ಚೀಲಿ ನಾನೂ ಎಲ್ಲರ ಹಾಗೆ ಪೂರ್ತಿ ಮನುಷ್ಯ. ನಿಮ್ಮ ಕೈಗೆ ಬಂದ ಮೇಲೆ ಕಾಲು ಮನುಷ್ಯ ಆಗ್ಬಿಟ್ನಾ?"

ಟೋಪಿ ಮತ್ತೆ ತಲೆಗೇರಿತು. ಅವರು ಎದ್ದು ನಿಂತರು. ಆ ಕುರ್ಚಿಯ ಸುತ್ತ ಮಾವ ನಿಂತೂ ನಿಂತೂ ನೆಲ ಸವೆದಿತ್ತು. ಅದನ್ನು ನೋಡಿ ನನಗೆ ಅಳುವೇ ಬಂತು. ಮಾವ ಮಾತ್ರ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತ.

"ತಪ್ಪಾಯ್ತು ಸಾಹೇಬ್ರೆ. ಇವತ್ತಿಂದ ಈ ಅಂಗಡೀಲಿ ಎಲ್ಲಾ ತಲೆಗೂ ಒಂದೇ ದರ."

"ಇದನ್ನೇ ತಾನೇ ಇಷ್ಟು ವರ್ಷ ಸರ್ಕಾರ ಹೇಳಿದ್ದು?"

"ಹೌದು. ಆಗ ಅದು ಹೇಳ್ತಿತ್ತು, ನಾನು ಕೇಳ್ತಿದ್ದೆ. ಈಗ ನಾನೇ ಹೇಳ್ತಿದೀನಿ."

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿ, ಹೋಗಿ ಮತ್ತೆ ಕುರ್ಚಿಯಲ್ಲಿ ಕೂತರು. "ಪೂರ್ತಿ ದರಕ್ಕೆ ಪೂರ್ತಿ ಕೆಲಸ ಆಗ್ಬೇಕು ಮತ್ತೆ."

ಮಾವ ಬಟ್ಟೆ ಕೊಡವಿ ಅವರ ಕೊರಳಿಗೆ ಸುತ್ತಿದ. ನಾಲ್ಕು ಎಳೆ ಕ್ಷಣದಲ್ಲಿ ಮುಗಿದವು. ಆದರೆ ಕತ್ತರಿ ಕೆಳಗಿಳಿಯಲಿಲ್ಲ. ಖಾಲಿ ನೆತ್ತಿಯ ಮೇಲೆ ಗಾಳಿಯಲ್ಲೇ ಬಾಚಣಿಗೆ ಆಡಿಸುತ್ತ, ಗಾಳಿಯಲ್ಲೇ ಕಚಕಚ ಕತ್ತರಿಸುತ್ತ, ಆಗಾಗ ಹಿಂದೆ ಸರಿದು ಓರೆಗಣ್ಣಲ್ಲಿ ಅಳತೆ ನೋಡುತ್ತ, ಸಾಹೇಬರ ಮಂಡಿನೋವಿನಿಂದ ಹಿಡಿದು ಮಗಳ ಬಾಣಂತನದವರೆಗೆ ಎಲ್ಲವನ್ನೂ ವಿಚಾರಿಸಿದ. ಬೆಂಚಿನವರು ಹೊಟ್ಟೆ ಹಿಡಿದುಕೊಂಡು ಉಸಿರು ಬಿಗಿಹಿಡಿದಿದ್ದರು. ಸಾಹೇಬರು ಹಾಯಾಗಿ ಕಣ್ಣು ಮುಚ್ಚಿ ಉತ್ತರ ಕೊಡುತ್ತಿದ್ದರು.

ಕೊನೆಗೆ ಮಾವ ತಲೆಯ ಹಿಂದೆ ಕೈಗನ್ನಡಿ ಹಿಡಿದ. ಸಾಹೇಬರು ಕತ್ತು ಅತ್ತಿತ್ತ ತಿರುಗಿಸಿ ಬಹಳ ಹೊತ್ತು ನೋಡಿದರು, ಪೂರ್ತಿ ದರ ಕೊಟ್ಟರು, ಟೋಪಿಯನ್ನು ಕೈಯಲ್ಲೇ ಹಿಡಿದು ಹೊರಟರು. ಬಾಗಿಲಲ್ಲಿ ನಿಂತು ತಿರುಗಿದರು.

"ಚೆನ್ನಾಗಿದೆ. ಆದ್ರೆ ಮುಂದಿನ ಸಲ ಹಿಂದೆ ಸ್ವಲ್ಪ ಉದ್ದ ಬಿಡಿ."

"ಮುಂದಿನ ಸಲ ಅಂದ್ರು ಕಣ್ರೀ! ಮುಂದಿನ ಸಲ ಅಂದ್ರು!" ಎಂದು ಅತ್ತೆ ಮಾವನ ತೋಳು ಹಿಡಿದು ಅಲುಗಿಸಿದಳು. ಅವನ ಕತ್ತರಿ ಇನ್ನೂ ಗಾಳಿಯಲ್ಲಿ ಕಚಕಚ ಅನ್ನುತ್ತಲೇ ಇತ್ತು.