ಎಲ್ಲಾ ಹಿಡಿದು ಹತ್ತು ಸಾವಿರ

ಎಕ್ಸೆಲ್‌ನ ಒಂದು ಸೂತ್ರ ನನಗೆ ಇನ್ನೂರಾ ಎಪ್ಪತ್ತೈದು ರೂಪಾಯಿಗೆ ಬಿತ್ತು. ಬಿಲ್ಲಿನ ಹಾಳೆ ಮಾಡಿಕೊಡಲು ಲೆಕ್ಕ ಬರೆಯುವವರು ಐದುನೂರು ಕೇಳಿದ್ದರು. ಅಷ್ಟು ಕೊಡಲು ನಾನೇನು ಹುಚ್ಚನೇ ಎಂದು ಸ್ವತಃ ಕೂತು ಮಾಡಿದೆ. ಹಾಗೆ ನೋಡಿದರೆ ಇವತ್ತಿಗೂ ಇನ್ನೂರಾ ಇಪ್ಪತ್ತೈದು ಲಾಭದಲ್ಲೇ ಇದ್ದೇನೆ.

ಸಂಶಿಯಲ್ಲಿ ನನ್ನದು ಪೈಪು, ಪಂಪುಗಳ ಅಂಗಡಿ. ನಾನು ಮಾಡಿದ ಹಾಳೆ ಅಗದಿ ಸರಳ. ದರ ಹೊಡೆದರೆ ಸಾಕು, ಜಿಎಸ್‌ಟಿಯ ಕೇಂದ್ರದ ಒಂಬತ್ತು ಪರ್ಸೆಂಟ್, ರಾಜ್ಯದ ಒಂಬತ್ತು ಪರ್ಸೆಂಟ್ ತಾವೇ ಕೂಡಿಕೊಂಡು ಒಟ್ಟು ಬರುತ್ತದೆ. ಆದರೆ ನಮ್ಮ ಕಡೆ ಟ್ಯಾಕ್ಸ್ ಬಿಟ್ಟು ದರ ಕೇಳುವ ಗಿರಾಕಿ ಇನ್ನೂ ಹುಟ್ಟಬೇಕು. "ಎಲ್ಲಾ ಹಿಡದು ಎಷ್ಟ್ರಿ?" ಅಂತಲೇ ಶುರು.

ಪಕ್ಕದ ಹಳ್ಳಿಯ ಕಾಕಾ ಒಬ್ಬರು ಪಂಪು ಕೊಳ್ಳಲು ಬಂದರು. ನನಗದು ಟ್ಯಾಕ್ಸ್ ಬಿಟ್ಟು ಎಂಟು ಸಾವಿರಕ್ಕೆ ಬಿದ್ದ ಮಾಲು. ನನ್ನದೇ ಖರ್ಚಿನ ಎರಡು ಚಾ ಕುಡಿದು, ಎಲ್ಲಾ ಹಿಡಿದು ಹತ್ತು ಸಾವಿರಕ್ಕೆ ನನ್ನನ್ನು ತಂದು ನಿಲ್ಲಿಸಿದರು. ಎದುರಿನ ಅಂಗಡಿಯವನು ಬೋರ್ಡು ಒರೆಸುವ ನೆಪದಲ್ಲಿ ಇತ್ತಲೇ ನೋಡುತ್ತಿದ್ದ. ದರದ ಖಾನೆಯಲ್ಲಿ ಹತ್ತು ಸಾವಿರ ಹೊಡೆದೆ. ಒಟ್ಟು ಬಂತು: 11,800.

"ಏನ್ರಿ ಸಾವಕಾರ್ರ, ಚಾದ ಬಿಲ್ಲೂ ಇದರಾಗ ಹಾಕೀರೇನು?"

"ನಾ ಅಲ್ರಿ ಕಾಕಾ, ಕಂಪ್ಯೂಟರ್ ಹೇಳಾಕತ್ತೈತಿ. ಅದು ಸುಳ್ಳು ಹೇಳಂಗಿಲ್ಲ."

"ಹಂಗಾರ ಪಂಪು ಅದಕ್ಕ ಮಾರ್ರಿ. ನಾ ಎದುರಿಗೆ ಹೊಂಟೆ."

ಎದ್ದೇಬಿಟ್ಟರು. ಕೈ ಹಿಡಿದು ಕೂಡಿಸಿದೆ. ಆಗ ನನ್ನ ತಲೆ ಮಿಂಚಿನಂತೆ ಓಡಿತು: ಹದಿನೆಂಟು ಕೂಡಿಸಿದ್ದಕ್ಕೆ ಹೆಚ್ಚಾಗಿದೆ, ಹದಿನೆಂಟು ಕಳೆದರೆ ಸರಿಹೋಗುತ್ತದೆ! ಹತ್ತು ಸಾವಿರದಲ್ಲಿ ಹದಿನೆಂಟು ಪರ್ಸೆಂಟ್ ತೆಗೆದು, ಉಳಿದ 8,200 ಅನ್ನು ದರದ ಖಾನೆಗೆ ಹೊಡೆದು, ಪರದೆಯನ್ನು ಠೀವಿಯಿಂದ ಅವರ ಕಡೆ ತಿರುಗಿಸಿದೆ. ಒಟ್ಟು 9,676.

"ಕಾಕಾ, ಎಲ್ಲೋ ತಪ್ಪೇತಿ. ಮಾತು ಹತ್ತಕ್ಕ ಆಗೇತಿ."

"ಅದು ಸುಳ್ಳು ಹೇಳಂಗಿಲ್ಲ ಅಂದಾವ್ರು ಯಾರು? ಪ್ರಿಂಟ್ ತಗೀರಿ."

ತೆಗೆದೆ. ಇನ್ನೇನು ಮಾಡಲಿ, ಎದುರಿನವ ಬೋರ್ಡು ಒರೆಸುವ ಅರಿವೆ ಬದಿಗಿಟ್ಟು ನಗುತ್ತ ನಿಂತಿದ್ದ. ಕೈಗೆ ಮುನ್ನೂರಾ ಇಪ್ಪತ್ನಾಲ್ಕು ಕಡಿಮೆ ಬಂತು. ಅದರಲ್ಲಿ ನಲವತ್ತೊಂಬತ್ತು ಟ್ಯಾಕ್ಸಿನ ಪಾಲು, ಉಳಿದ ಇನ್ನೂರಾ ಎಪ್ಪತ್ತೈದು ನನ್ನದು. ನಷ್ಟದಲ್ಲಿ ಸರ್ಕಾರ ನನ್ನ ಪಾಲುದಾರನಾಗಿದ್ದು ಅದೊಂದೇ ಸಲ.

ಅಂಗಡಿ ಇಟ್ಟವರು ಕೇಳಿ. ಟ್ಯಾಕ್ಸ್ ಬಿದ್ದದ್ದು ಸಣ್ಣ ಮೂಲ ದರದ ಮೇಲೆ. ದೊಡ್ಡ ಒಟ್ಟಿನಲ್ಲಿ ಅದೇ ಪರ್ಸೆಂಟ್ ಕಳೆದರೆ ಹೆಚ್ಚಿಗೆ ಹೋಗುತ್ತದೆ. ಆದ್ದರಿಂದ ಕಳೆಯಬೇಡಿ, ಭಾಗಿಸಿ. "ಎಲ್ಲಾ ಹಿಡಿದು" ಎಂದೇ ಒಂದು ಖಾನೆ ಮಾಡಿ. ಅದು B6 ಆದರೆ, ದರದ ಖಾನೆಯಲ್ಲಿ =B6/1.18 ಎಂದು ಬರೆಯಿರಿ. ಹತ್ತು ಸಾವಿರಕ್ಕೆ 8,474.58 ಬರುತ್ತದೆ, ಅದಕ್ಕೆ ಎರಡು ಒಂಬತ್ತು ಪರ್ಸೆಂಟ್ ಕೂಡಿಸಿದರೆ ಮತ್ತೆ ಸರಿಯಾಗಿ ಹತ್ತು ಸಾವಿರ. ಐದು ಪರ್ಸೆಂಟಿನ ಮಾಲಿದ್ದರೆ 1.05ರಿಂದ ಭಾಗಿಸಿ. ಒಟ್ಟು ತಾಳೆ ಆಗುವ ತನಕ ಪರದೆ ನಿಮ್ಮ ಕಡೆಗೇ ಇರಲಿ.